ಗೋಗಿಗೆ ಗಣಿ, ಹೆಸರಘಟ್ಟಕ್ಕೆ ಕ್ವಾಂಟಮ್

2025ರ ಜುಲೈ 31ರಂದು ಬೆಂಗಳೂರಿನ ‘ಕ್ವಾಂಟಮ್ ಇಂಡಿಯಾ’ ಸಮಾವೇಶದಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಾವಿರ ಕೋಟಿ ರೂಪಾಯಿಯ ಕರ್ನಾಟಕ ಕ್ವಾಂಟಮ್ ಮಿಷನ್ ಘೋಷಿಸಿದರು. 2035ರ ಹೊತ್ತಿಗೆ 20 ಬಿಲಿಯನ್ ಡಾಲರ್‌ನ ಕ್ವಾಂಟಮ್ ಆರ್ಥಿಕತೆ, 10,000 ಉದ್ಯೋಗ, ನೂರಕ್ಕೂ ಹೆಚ್ಚು ಸ್ಟಾರ್ಟಪ್ ಎಂದು ಭರವಸೆ ಕೊಟ್ಟರು. ಬೆನ್ನಿಗೇ ಹೆಸರಘಟ್ಟದಲ್ಲಿ 6.17 ಎಕರೆ ಜಾಗ ‘ಕ್ವಾಂಟಮ್ ಸಿಟಿ’ಗೆ ಮೀಸಲಾಯಿತು. ಆಗ ವಿಜ್ಞಾನ ಮತ್ತು ತಂತ್ರಜ್ಞಾನ ಖಾತೆಯ ಸಚಿವರಾಗಿದ್ದ ಎನ್.ಎಸ್. ಬೋಸರಾಜು ನಮ್ಮ ಭಾಗದವರೇ, ಹಿಂದೆ ಮಾನ್ವಿಯ ಶಾಸಕರಾಗಿದ್ದವರು. ಸಚಿವರು ಕಲ್ಯಾಣ ಕರ್ನಾಟಕದವರು, ಸಿಟಿ ಮಾತ್ರ ಬೆಂಗಳೂರಿನದು.

ಇಂಥ ಸುದ್ದಿ ನಮ್ಮ ಯಾದಗಿರಿ ಜಿಲ್ಲೆಯ ಕೆಂಭಾವಿಯಂಥ ಊರಿಗೆ ಬಂದರೆ ಮೊದಲು ಏಳುವ ಮಾತು ಯಾವುದೆಂದು ಎಲ್ಲರಿಗೂ ಗೊತ್ತು: “ನಮ್ಮ ಹುಡುಗ್ರು ಹತ್ತನೇ ಪಾಸಾದ್ರ ಸಾಕಾಗ್ಯಾದ, ಈ ಕ್ವಾಂಟಮ್ ತಗೊಂಡು ಏನ್ ಮಾಡೋದದ್ರಿ?” ಈ ಮಾತಿಗೆ ಕಾರಣ ಇದೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇಕಡಾ 94 ಪಡೆದು ಮೊದಲಾದರೆ, ಯಾದಗಿರಿ ಶೇಕಡಾ 50.59 ಪಡೆದು ರಾಜ್ಯಕ್ಕೇ ಕೊನೆ. ಇಷ್ಟಾದರೂ ನಾನು ಈ ಮಾತನ್ನು ಒಪ್ಪುವುದಿಲ್ಲ. ಹೊಟ್ಟೆಗಿಲ್ಲದವನಿಗೆ ಯೋಚನೆ ಯಾಕೆ ಎಂದು ಮೇಲಿನವರು ಕೇಳಿದರೆ ಸಿಟ್ಟು ಬರುತ್ತದೆ; ಅದನ್ನೇ ನಮ್ಮ ಬಾಯಿಂದ ನಾವೇ ಹೇಳಿಕೊಂಡರೆ ಮೇಲಿನವರಿಗೆ ಕೆಲಸ ಸಲೀಸು. ನಾವು ಕೇಳಬೇಕಾದದ್ದು ‘ಕ್ವಾಂಟಮ್ ಬೇಡ’ ಎಂದಲ್ಲ. ನಮ್ಮ ಪಾಲು ಎಲ್ಲಿ ಎಂದು.

ಭೌತವಿಜ್ಞಾನದಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ಸಿದ್ಧಾಂತ. ಕ್ವಾಂಟಮ್ ಕಂಪ್ಯೂಟರ್ ಕಟ್ಟಲು ಸೊನ್ನೆ ಕೆಳಗಿನ 273 ಡಿಗ್ರಿಯ ಹತ್ತಿರಕ್ಕೆ ಇಳಿಸುವ ಶೈತ್ಯಯಂತ್ರಗಳು ಬೇಕಾಗಬಹುದು, ಕಣಗಳನ್ನು ಡಿಕ್ಕಿ ಹೊಡೆಸಲು ಜಿನೀವಾದ ಹತ್ತಿರ 27 ಕಿಲೋಮೀಟರ್ ಸುತ್ತಳತೆಯ ಸುರಂಗ ಬೇಕು. ಕಣಗಳೆಲ್ಲ ಸೂಕ್ಷ್ಮ ಎಳೆಗಳ ಕಂಪನ ಎನ್ನುವ ಸ್ಟ್ರಿಂಗ್ ಸಿದ್ಧಾಂತದವನಿಗೆ ಬೇಕಾದದ್ದು ಬೋರ್ಡು, ಚಾಕ್‌ಪೀಸು, ಇಂಟರ್ನೆಟ್ಟು, ಜಗಳವಾಡಲು ನಾಲ್ಕು ಜನ ಜೊತೆಗಾರರು, ತಿಂಗಳಿಗೆ ತಪ್ಪದೆ ಬರುವ ಸಂಬಳ. ಪ್ರಬಂಧಗಳೂ 1991ರಿಂದ ‘ಆರ್ಕೈವ್’ ಎಂಬ ಜಾಲಭಂಡಾರದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಇಷ್ಟು ಅಗ್ಗದ ವಿದ್ಯೆಯೂ ರಾಜಧಾನಿ ಬಿಟ್ಟು ಈಚೆಗೆ ಬರುವುದಿಲ್ಲ ಎಂದರೆ ಅಡ್ಡಿಯಾಗಿರುವುದು ಹಣವಲ್ಲ, ಮನಸ್ಸು.

ದೊಡ್ಡ ಊರು ಬೇಕೇ ಬೇಕು ಎನ್ನುವವರಿಗೆ ಎರಡು ಹೆಸರು ಕೊಡುತ್ತೇನೆ. ಢಾಕಾ ವಿಶ್ವವಿದ್ಯಾಲಯ ಆರಂಭವಾದದ್ದು 1921ರಲ್ಲಿ. ಮೂರೇ ವರ್ಷದ ಆ ಹೊಸ ಸಂಸ್ಥೆಯಲ್ಲಿ ಪಾಠ ಹೇಳುತ್ತಿದ್ದ ಸತ್ಯೇಂದ್ರನಾಥ ಬೋಸ್ 1924ರಲ್ಲಿ ಪ್ಲಾಂಕ್ ನಿಯಮಕ್ಕೆ ಹೊಸ ದಾರಿಯಿಂದ ಸಾಧನೆ ಬರೆದು ಐನ್‌ಸ್ಟೈನ್‌ಗೆ ಕಳಿಸಿದರು. ಐನ್‌ಸ್ಟೈನ್ ಅದನ್ನು ತಾವೇ ಜರ್ಮನ್‌ಗೆ ಅನುವಾದಿಸಿ ಅಚ್ಚು ಹಾಕಿಸಿದರು. ಇಂದು ಜಗತ್ತಿನ ಕಣಗಳಲ್ಲಿ ಒಂದು ಇಡೀ ವರ್ಗಕ್ಕೆ ‘ಬೋಸಾನ್’ ಎಂದು ಹೆಸರಿದೆ. ಇನ್ನೊಂದು ಹೆಸರು ಝೂನ್ಸಿ, ಅಲಹಾಬಾದಿಗೆ ಗಂಗೆಯ ಆಚೆ ದಡ. ಅಲ್ಲಿಯ ಹರೀಶ್‌ಚಂದ್ರ ಸಂಶೋಧನಾ ಸಂಸ್ಥೆಯಲ್ಲಿದ್ದಾಗಲೇ ಅಶೋಕ್ ಸೇನ್‌ಗೆ 2012ರಲ್ಲಿ ಸ್ಟ್ರಿಂಗ್ ಸಿದ್ಧಾಂತದ ಕೆಲಸಕ್ಕೆ 30 ಲಕ್ಷ ಡಾಲರ್‌ನ ಫಂಡಮೆಂಟಲ್ ಫಿಸಿಕ್ಸ್ ಪ್ರಶಸ್ತಿ ಬಂತು. ಝೂನ್ಸಿಯಲ್ಲಿ ಮೆಟ್ರೊ ಇತ್ತೇ? ಸೇನ್ ಈಗ ಇರುವುದು ಬೆಂಗಳೂರಿನ ಹೆಸರಘಟ್ಟದ ಬಳಿಯ ಸಂಶೋಧನಾ ಕೇಂದ್ರ ಐಸಿಟಿಎಸ್‌ನಲ್ಲಿ. ಪ್ರತಿಭೆ ಕೊನೆಗೆ ಎತ್ತ ಹರಿಯುತ್ತದೆ ಎಂಬುದಕ್ಕೂ ಅದೇ ಸಾಕ್ಷಿ.

ಹಾಗಂತ ನಮ್ಮ ಜಿಲ್ಲೆಗೆ ಭೌತವಿಜ್ಞಾನ ಬಂದೇ ಇಲ್ಲ ಎನ್ನುವಂತಿಲ್ಲ. ಬಂದಿದೆ, ಗುಂಡಿ ತೋಡುವ ಯಂತ್ರದ ಜೊತೆ. ಶಹಾಪುರ ತಾಲೂಕಿನ ಗೋಗಿಯಲ್ಲಿ ಯುರೇನಿಯಂ ಸಿಕ್ಕಿತು, ಶೋಧದ ಗಣಿ ಇಳಿಯಿತು, ಕುಡಿಯುವ ನೀರಿನ ಗತಿ ಏನು ಎಂದು ಊರವರು ಬೀದಿಗಿಳಿದರು. ಆದಿಲ್‌ಶಾಹಿ ಸುಲ್ತಾನರ ಗೋರಿಗಳಿಗೆ ಹೆಸರಾದ ಊರು ಒಮ್ಮೆಲೇ ಅಣುಶಕ್ತಿಯ ನಕಾಶೆಯಲ್ಲಿ ಚುಕ್ಕೆಯಾಯಿತು.

ಆ ಅದಿರಿನ ಒಳಗುಟ್ಟು ಶುದ್ಧ ಕ್ವಾಂಟಮ್ ಸಿದ್ಧಾಂತದ ವಿಷಯ. ಯುರೇನಿಯಂ-238ರಲ್ಲಿ ಅರ್ಧ ಕರಗಲು ಸುಮಾರು 450 ಕೋಟಿ ವರ್ಷ ಬೇಕು, ಅಂದರೆ ಭೂಮಿಗೆ ಆಗಿರುವಷ್ಟು ವಯಸ್ಸು. ಅದೇ ಬಗೆಯಲ್ಲಿ ಆಲ್ಫಾ ಕಣ ಉಗುಳುವ ಪೊಲೋನಿಯಂ-212 ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗದೊಳಗೇ ಅರ್ಧವಾಗುತ್ತದೆ. ಇಷ್ಟು ಅಗಾಧ ಅಂತರಕ್ಕೆ ಕಾರಣ 1928ರವರೆಗೆ ಯಾರಿಗೂ ತಿಳಿದಿರಲಿಲ್ಲ. ಆ ವರ್ಷ ಇಪ್ಪತ್ತನಾಲ್ಕರ ಹರೆಯದ ಜಾರ್ಜ್ ಗ್ಯಾಮೊ, ಪರಮಾಣು ಬೀಜದೊಳಗಿನ ಕಣಕ್ಕೆ ತಡೆಗೋಡೆ ಹತ್ತಿ ದಾಟುವಷ್ಟು ಶಕ್ತಿ ಇಲ್ಲದಿದ್ದರೂ ಗೋಡೆಯ ಆಚೆ ಕಾಣಿಸಿಕೊಳ್ಳುವ ಚಿಕ್ಕ ಸಂಭವ ಅದಕ್ಕೆ ಇದ್ದೇ ಇದೆ ಎಂದು ಲೆಕ್ಕ ಹಾಕಿ ತೋರಿಸಿದ. ಗೋಡೆ ಕೊಂಚ ದಪ್ಪವಾದರೆ ಸಾಕು, ಕ್ಷಣ ಕೋಟ್ಯಂತರ ವರ್ಷವಾಗುತ್ತದೆ. ಗರ್ನಿ ಮತ್ತು ಕಾಂಡನ್ ಎಂಬಿಬ್ಬರು ಅದೇ ವರ್ಷ ಪ್ರತ್ಯೇಕವಾಗಿ ಇದೇ ಉತ್ತರಕ್ಕೆ ಬಂದರು. ಇದಿಷ್ಟೂ ಕಾಗದದ ಮೇಲಿನ ಕೆಲಸ. ಅದು ಗೊತ್ತಿದ್ದವರು ಗೋಗಿಯ ಕೊಳವೆಬಾವಿಯ ಪರೀಕ್ಷಾ ವರದಿಯನ್ನು ಕೈಗೆತ್ತಿಕೊಂಡು ಅಧಿಕಾರಿಯನ್ನು ಪ್ರಶ್ನಿಸಬಲ್ಲರು. ಗೊತ್ತಿಲ್ಲದವರಿಗೆ ಉಳಿಯುವುದು ಭಯ, ಇಲ್ಲವೇ ಅಧಿಕಾರಿಯ ಮಾತಿನ ಮೇಲಿನ ನಂಬಿಕೆ. ಅದಿರು ನಮ್ಮ ನೆಲದ್ದು, ಅದರ ಲೆಕ್ಕ ಬಲ್ಲವರು ಬೇರೆ ಊರಿನವರು ಎನ್ನುವ ಹಂಚಿಕೆಯನ್ನು ಯಾರು ಮಾಡಿದರು?

ಇನ್ನು ‘ಸ್ಟ್ರಿಂಗ್ ಸಿದ್ಧಾಂತಕ್ಕೆ ಐವತ್ತು ವರ್ಷವಾದರೂ ಪುರಾವೆ ಇಲ್ಲ, ಜನರ ದುಡ್ಡು ಯಾಕೆ’ ಎನ್ನುವ ವಾದ. ಮೊದಲರ್ಧ ನಿಜ. ಪ್ರಯೋಗದ ಪುರಾವೆ ಇಲ್ಲ. ಬಹಳ ಜನ ನಿರೀಕ್ಷಿಸಿದ್ದ ಸೂಪರ್‌ಸಿಮೆಟ್ರಿ ಕಣಗಳು ಜಿನೀವಾದ ಯಂತ್ರದಲ್ಲಿ ಕಾಣಲೇ ಇಲ್ಲ. ಈ ಸಿದ್ಧಾಂತವನ್ನು ವೇದವಾಕ್ಯದಂತೆ ಮಾರುವವರನ್ನು ಬಯ್ಯುವವರ ಜೊತೆ ನಾನೂ ಇದ್ದೇನೆ. ಆದರೆ ಬೇಗ ಫಲ ಕೊಡದ್ದನ್ನೆಲ್ಲ ಕಿತ್ತೆಸೆಯುತ್ತ ಹೋದರೆ ಏನು ಉಳಿದೀತು? ಕನ್ನಡದ ಲೇಖಕ ಸಿ.ಕೆ. ವೆಂಕಟರಾಮಯ್ಯನವರ ಮಗ ಸಿ.ವಿ. ವಿಶ್ವೇಶ್ವರ 1970ರಲ್ಲಿ, ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಹೇಗೆ ಕಂಪಿಸಿ ಶಾಂತವಾದೀತು ಎಂದು ಲೆಕ್ಕ ಹಾಕಿದರು. ಕಪ್ಪುಕುಳಿ ಇದೆಯೋ ಇಲ್ಲವೋ ಎಂದೇ ಜನ ಅನುಮಾನಿಸುತ್ತಿದ್ದ ಕಾಲ ಅದು. 2015ರ ಸೆಪ್ಟೆಂಬರ್ 14ರಂದು ಲೈಗೊ ಉಪಕರಣಗಳು ಹಿಡಿದ ಗುರುತ್ವ ಅಲೆಯ ಕೊನೆಯ ತುಣುಕಿನಲ್ಲಿ ಆ ಕಂಪನವೇ ಇತ್ತು. ನಲವತ್ತೈದು ವರ್ಷ! ಯಾವ ಸರ್ಕಾರದ ಗುರಿಪಟ್ಟಿಯಲ್ಲೂ ಇಷ್ಟು ದೊಡ್ಡ ಖಾನೆ ಇರುವುದಿಲ್ಲ.

ಬೆಂಗಳೂರಿನ ಪ್ರಚಾರಕರ ಮೇಲೆ ನನ್ನ ತಕರಾರು ಇರುವುದೂ ಇಲ್ಲೇ. ಅವರು ಕ್ವಾಂಟಮ್ಮನ್ನು ಸಮರ್ಥಿಸುವುದು ಡಾಲರು ಮತ್ತು ನೌಕರಿಯ ಲೆಕ್ಕದಲ್ಲಿ. 2023ರ ಏಪ್ರಿಲ್‌ನಲ್ಲಿ ಒಪ್ಪಿಗೆ ಪಡೆದ ಕೇಂದ್ರದ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ನ ₹6,003.65 ಕೋಟಿಯಲ್ಲೂ ಎದ್ದು ಕಾಣುವ ಗುರಿಗಳು ಇಷ್ಟು ಕ್ಯೂಬಿಟ್‌ನ ಯಂತ್ರ, ಅಷ್ಟು ಕಿಲೋಮೀಟರ್ ದೂರದ ಸಂಪರ್ಕ. ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ನೌಕರಿಯ ಲೆಕ್ಕದಲ್ಲೇ ಮಾತಾಡಿದರೆ ಎಲ್ಲವೂ ಕಂಪನಿಗಳಿರುವ ಜಾಗಕ್ಕೇ ಹೋಗಬೇಕು ಎಂಬ ತೀರ್ಮಾನ ಮೊದಲೇ ಆಗಿಬಿಟ್ಟಿರುತ್ತದೆ. ಆ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಗುಳೆ ಹೋಗುವ ಸುರಪುರ, ಶಹಾಪುರದ ಜನರಿಗೆ ಅಲ್ಲಿ ತಗಡಿನ ಶೆಡ್ಡಿನಲ್ಲಿ ಜಾಗ ಸಿಕ್ಕೇ ಸಿಗುತ್ತದೆ, ಬಿಡಿ.

ಕೆಂಭಾವಿಯ ಶರಣ ಭೋಗಣ್ಣನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು: ಕೀಳೆಂದು ದೂರವಿಟ್ಟವರಿಗೆ ಉಣ್ಣಿಸಿದ ಎಂದು ಊರು ಅವನನ್ನು ಹೊರಹಾಕಿತು, ಊರಿನ ಲಿಂಗಗಳೆಲ್ಲ ಅವನ ಹಿಂದೆ ಹೊರಟವು, ಆಮೇಲೆ ಊರೇ ಬೇಡಿಕೊಂಡು ಅವನನ್ನು ಕರೆತಂದಿತು. ಇಂದು ಗಣಿತದಲ್ಲಿ ಚುರುಕಾದ ಹುಡುಗಿ ಪಿಯುಸಿಗೆಂದು ಊರು ಬಿಟ್ಟರೆ ಕರೆತರುವ ಮಾತು ಯಾರೂ ಆಡುವುದಿಲ್ಲ. ಅವಳು ವಾಪಸು ಬಂದು ಮಾಡುವ ಕೆಲಸವಾದರೂ ಇಲ್ಲಿ ಏನಿದೆ? ಅತಿಥಿ ಉಪನ್ಯಾಸಕಿಯಾಗಿ ವರ್ಷ ವರ್ಷ ಅರ್ಜಿ ಹಾಕುವುದು.

ಸಂವಿಧಾನದ 371(ಜೆ) ವಿಧಿ ನಮಗೆ ಸೀಟು ಕೊಟ್ಟಿತು, ನೌಕರಿಯಲ್ಲಿ ಮೀಸಲು ಕೊಟ್ಟಿತು. ಸಂಶೋಧನೆಯ ಜಾಗ ಕೊಡಲಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ ₹5,000 ಕೋಟಿ ಘೋಷಣೆಯಾಗಿದೆ. ಅದರ ಒಂದು ಚೂರಿನಲ್ಲಿ, ಯಾದಗಿರಿಯ ಕಾಲೇಜುಗಳೂ ಸೇರಿರುವ ರಾಯಚೂರಿನ ವಿಶ್ವವಿದ್ಯಾಲಯದಲ್ಲಿ ಹತ್ತು ಕಾಯಂ ಹುದ್ದೆಗಳ ಸೈದ್ಧಾಂತಿಕ ಭೌತವಿಜ್ಞಾನ ಕೇಂದ್ರ ನಡೆಸಬಹುದು. ಐಸಿಟಿಎಸ್‌ನವರು ವರ್ಷಕ್ಕೆ ಎರಡು ಶಿಬಿರಗಳನ್ನು ಇಲ್ಲಿ ನಡೆಸಲಿ. ರಾಜ್ಯದ ಕ್ವಾಂಟಮ್ ಯೋಜನೆಯಲ್ಲಿ 20ಕ್ಕೂ ಹೆಚ್ಚು ಕಾಲೇಜುಗಳಿಗೆ ಕ್ವಾಂಟಮ್ ತರಬೇತಿ, ವರ್ಷಕ್ಕೆ 150 ಪಿಎಚ್‌ಡಿ ಫೆಲೋಶಿಪ್ ಎಂದಿದೆಯಲ್ಲ, ಅದರಲ್ಲಿ ಕಲ್ಯಾಣ ಕರ್ನಾಟಕದ ಏಳು ಜಿಲ್ಲೆಗಳಿಗೆ ಎಷ್ಟು ಎಂದು ಇಲಾಖೆ ಲಿಖಿತವಾಗಿ ಹೇಳಲಿ. ‘ಆ ಕಡೆಯಿಂದ ಅರ್ಹರು ಸಿಗುವುದಿಲ್ಲ’ ಎಂಬ ಸಬೂಬು ಬಂದೇ ಬರುತ್ತದೆ. ಮೊದಲು ಅರ್ಜಿ ಕರೆಯುವ ಪ್ರಕಟಣೆ ಕನ್ನಡದಲ್ಲಿ ಬರಲಿ, ಸುರಪುರ, ಶಹಾಪುರದ ಕಾಲೇಜುಗಳ ನೋಟಿಸ್ ಬೋರ್ಡಿಗೂ ಬರಲಿ. ಎಷ್ಟು ಅರ್ಜಿ ಬಂದವೆಂದು ಆಮೇಲೆ ಎಣಿಸೋಣ.