ಅಶ್ವಶಕ್ತಿಗೆ ತೆರುವ ಬೆಲೆ

ವೇಗದ ಕಾರಿನ ಹಂಬಲ ತರುಣರಿಗೆ ಸಹಜವಾದುದು. ಕೊಂಡ ಕಾರಿಗೆ ಇನ್ನಷ್ಟು ಅಶ್ವಶಕ್ತಿಯನ್ನು ಕೂಡಿಸಬೇಕೆಂಬುದು ಆ ಹಂಬಲದ ಮುಂದಿನ ಮೆಟ್ಟಿಲು. ಅದಕ್ಕೆ ತೆರಬೇಕಾದ ಬೆಲೆ ಹಣವೊಂದೇ ಅಲ್ಲವೆಂಬುದನ್ನು ಬಂಧುಗಳು ಮನಗಾಣಬೇಕು.

ಟರ್ಬೊ ಅಳವಡಿಸಿದ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬಲಾಗುತ್ತದೆ. ಅದಿಲ್ಲದ ಇಂಜಿನ್ನು ವಾತಾವರಣದ ಒತ್ತಡದಿಂದಲೇ ಉಸಿರಾಡುತ್ತದೆ. ಇದನ್ನು ಸಹಜಶ್ವಾಸದ ಇಂಜಿನ್ ಎನ್ನೋಣ. ಗಾಳಿ ಎಷ್ಟೋ ಅದಕ್ಕೆ ತಕ್ಕಷ್ಟೇ ಇಂಧನ, ಇಂಧನ ಎಷ್ಟೋ ಅಷ್ಟೇ ಬಲ. ಆದುದರಿಂದ ಇಲ್ಲಿ ಬಲವರ್ಧನೆಗೆ ಮುಖ್ಯ ಮಾರ್ಗಗಳು ಮೂರು: ಇಂಜಿನ್ನಿನ ಗಾತ್ರವನ್ನು ಹಿಗ್ಗಿಸುವುದು, ಒಳಗಿನ ಮಿಶ್ರಣವನ್ನು ಹೆಚ್ಚು ಒತ್ತುವುದು, ಇಲ್ಲವೆ ನಿಮಿಷಕ್ಕೆ ತಿರುಗುವ ಸುತ್ತುಗಳನ್ನು ಏರಿಸುವುದು.

ಜಪಾನಿನ ಹೊಂಡಾ ಸಂಸ್ಥೆಯು 1999ರಲ್ಲಿ ಹೊರತಂದ ಎಸ್2000 ಕಾರು ಈ ಮೂರನೆಯ ಮಾರ್ಗಕ್ಕೆ ಉತ್ತಮ ನಿದರ್ಶನ. ಎರಡೇ ಲೀಟರಿನ ಅದರ ಇಂಜಿನ್ನು ಜಪಾನಿನ ಮಾದರಿಯಲ್ಲಿ 250 ಅಶ್ವಶಕ್ತಿಯನ್ನು ನೀಡುತ್ತಿತ್ತು. ಆದರೆ ಆ ಪೂರ್ಣಬಲ ಕೈಗೂಡುತ್ತಿದ್ದುದು 8,300 ಸುತ್ತುಗಳಲ್ಲಿ; ಸುಮಾರು 6,000 ಸುತ್ತುಗಳವರೆಗೆ ಅದು ಸೌಮ್ಯವಾದ ಕಾರು. ಸುತ್ತುಗಳು ಹೆಚ್ಚಿದಂತೆ ಪಿಸ್ಟನ್ನಿನ ಮೇಲಿನ ಎಳೆತ ವರ್ಗದ ಪ್ರಮಾಣದಲ್ಲಿ ಏರುತ್ತದೆ. ಸುತ್ತುಗಳು ನೂರಕ್ಕೆ 10ರಷ್ಟು ಏರಿದರೆ ಎಳೆತ ನೂರಕ್ಕೆ 21ರಷ್ಟು ಏರುತ್ತದೆ. ಇದನ್ನು ತಾಳಿಕೊಳ್ಳಲೆಂದೇ ಅಲ್ಲಿ ಬಡಿದು ರೂಪಿಸಿದ ಗಟ್ಟಿ ಪಿಸ್ಟನ್ನುಗಳನ್ನು ಬಳಸಲಾಗಿತ್ತು.

ಮುಂದೆ ನಡೆದುದು ವಿಚಾರಾರ್ಹ. ಹೊಂಡಾ ಸಂಸ್ಥೆಯೇ 2004ರ ಅಮೆರಿಕದ ಮಾದರಿಯಲ್ಲಿ ಇಂಜಿನ್ನನ್ನು 2.2 ಲೀಟರಿಗೆ ಹಿಗ್ಗಿಸಿ, ಸುತ್ತುಗಳ ಮಿತಿಯನ್ನು ಇಳಿಸಿತು. ಅಲ್ಲಿ ಅಶ್ವಶಕ್ತಿ 240ರಲ್ಲಿಯೇ ಉಳಿಯಿತು. 2005ರ ಕೊನೆಯಲ್ಲಿ ಜಪಾನಿಗೂ ಅದೇ ಇಂಜಿನ್ನು ಬಂದಾಗ 250 ಇದ್ದುದು 242 ಆಯಿತು. ತುದಿಯ ಎಂಟು ಅಶ್ವಶಕ್ತಿಯನ್ನು ಬಿಟ್ಟುಕೊಟ್ಟು, ದಿನದ ಓಡಾಟಕ್ಕೆ ಒದಗುವ ಎಳೆಯುವ ಬಲವನ್ನು ತಯಾರಕರೇ ಆರಿಸಿಕೊಂಡರು.

ತಯಾರಕರು ಇಷ್ಟು ಹಿಂಡಿ ತೆಗೆದ ಇಂಜಿನ್ನಿನಿಂದ ಹೊರಗಿನವರು ಇನ್ನೇನು ಪಡೆದಾರು? ಗಾಳಿಯ ಕೊಳವೆ, ಹೊಗೆಯ ಕೊಳವೆ ಬದಲಿಸಿದರೆ ದೊರೆಯುವುದು ಅಲ್ಪ; ಸದ್ದು ಮಾತ್ರ ಅಧಿಕ. ಹೆಚ್ಚು ಬೇಕೆಂದರೆ ಇಂಜಿನ್ನನ್ನೇ ಬಿಚ್ಚಿ ಕ್ಯಾಮ್‌ಶಾಫ್ಟ್, ಪಿಸ್ಟನ್ನುಗಳನ್ನು ಬದಲಿಸಬೇಕು. ಬಳಿಕ ಉತ್ತಮ ದರ್ಜೆಯ ಪೆಟ್ರೋಲು, ಬಲವಾದ ಕ್ಲಚ್ಚು, ಬ್ರೇಕು, ಟೈರುಗಳ ವೆಚ್ಚ ಸಾಲುಗಟ್ಟಿ ಬರುತ್ತದೆ. ಇಂಜಿನ್ನಿನ ಆಯುಷ್ಯವೂ ಕುಗ್ಗಬಹುದು. ನಮ್ಮ ದೇಶದಲ್ಲಂತೂ ತಯಾರಕರ ಮೂಲ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ.

ಇನ್ನೊಂದು ಲೆಕ್ಕವನ್ನೂ ನೋಡೋಣ. ಎಸ್2000ದ ತೂಕ ಸುಮಾರು 1,250 ಕಿಲೋ. ಒಂದೊಂದು ಅಶ್ವಶಕ್ತಿಯ ಪಾಲಿಗೆ ಐದು ಕಿಲೋ. ಕಾರಿನಿಂದ 50 ಕಿಲೋ ಭಾರವನ್ನು ಇಳಿಸಿದರೆ ಓಟದ ಚುರುಕಿಗೆ ಹತ್ತು ಅಶ್ವಶಕ್ತಿಯನ್ನು ಕೂಡಿಸಿದಂತೆಯೇ. ಬ್ರೇಕು, ತಿರುವುಗಳಿಗೂ ಅದರ ಲಾಭ ಸಲ್ಲುತ್ತದೆ. ಇಂಜಿನ್ನಿಗೆ ಮಾತ್ರ ಯಾವ ಹೊರೆಯೂ ಇಲ್ಲ.

ಮನೆಯ ಮಗನು ಇಂತಹ ಬೇಡಿಕೆಯನ್ನು ಮುಂದಿಟ್ಟಾಗ ಹಿರಿಯರು ಗದರಿ ಸುಮ್ಮನಾಗಿಸುವುದು ಬೇಡ. ಈ ಲೆಕ್ಕವನ್ನು ಅವನೊಡನೆ ಕುಳಿತು ಮಾಡಲಿ. ಕೂಡಿಸಿದ ಬಲವನ್ನು ಯಾವ ರಸ್ತೆಯಲ್ಲಿ, ಎಷ್ಟು ಹೊತ್ತು ಬಳಸುವೆ ಎಂದು ಕೇಳಲಿ. ಕೂಡಿಸುವುದಕ್ಕೆ ಮೊದಲು ಇಳಿಸಬಹುದಾದುದನ್ನು ಇಳಿಸುವುದೇ ವಿವೇಕ.