ನಾಮಪತ್ರದ ಸಹಿ ಮತ್ತು ಮತದಾರನ ಹಕ್ಕು

ಚುನಾವಣೆ ಎಂದರೆ ಮತದಾನದ ದಿನ ಎಂದೇ ನಮ್ಮ ಸದಸ್ಯ ಬಾಂಧವರಲ್ಲಿ ಬಹುಮಂದಿ ತಿಳಿದಿದ್ದಾರೆ. ಆದರೆ ಕೆಲವು ಸಲ ಚುನಾವಣೆ ತೀರ್ಮಾನವಾಗುವುದು ಅದಕ್ಕೆ ಎರಡು ಮೂರು ವಾರ ಮೊದಲು, ನಾಮಪತ್ರಗಳ ಪರಿಶೀಲನೆಯ ದಿನ, ಚುನಾವಣಾಧಿಕಾರಿಯ ಮೇಜಿನ ಮೇಲೆ. ಅಲ್ಲಿ ಸೂಚಕನ ಒಂದು ಸಹಿ ಬಿದ್ದುಹೋದರೆ ಲಕ್ಷಾಂತರ ಮತದಾರರ ಆಯ್ಕೆಯೂ ಅದರೊಡನೆ ಬಿದ್ದುಹೋಗುತ್ತದೆ.

2024ರ ಲೋಕಸಭಾ ಚುನಾವಣೆಯಲ್ಲಿ ಗುಜರಾತಿನ ಸೂರತ್ ಕ್ಷೇತ್ರದಲ್ಲಿ ನಡೆದದ್ದು ಇದೇ. ಕಾಂಗ್ರೆಸ್ ಅಭ್ಯರ್ಥಿಯ ನಾಮಪತ್ರಗಳಿಗೆ ಸೂಚಕರಾಗಿದ್ದವರು, ಆ ಸಹಿ ತಮ್ಮದಲ್ಲವೆಂದು ಪ್ರಮಾಣಪತ್ರ ಕೊಟ್ಟರು. ಸೂಚಕರನ್ನು ಹಾಜರುಪಡಿಸಲು ಅಭ್ಯರ್ಥಿಗೆ ಆಗಲಿಲ್ಲ. ಏಪ್ರಿಲ್ 21ರಂದು ನಾಮಪತ್ರ ತಿರಸ್ಕೃತವಾಯಿತು. ಅದೇ ಪಕ್ಷದ ಬದಲಿ ಅಭ್ಯರ್ಥಿಯದೂ ಅದೇ ಗತಿಯಾಯಿತು. ಮಾರನೆಯ ದಿನದೊಳಗೆ ಉಳಿದ ಎಂಟು ಮಂದಿ ಕಣದಿಂದ ಹಿಂದೆ ಸರಿದರು. ಭಾರತೀಯ ಜನತಾ ಪಕ್ಷದ ಅಭ್ಯರ್ಥಿ ಅವಿರೋಧವಾಗಿ ಆಯ್ಕೆಯಾದರು. ಮೇ 7ರಂದು ಮತ ಹಾಕಬೇಕಾಗಿದ್ದ ಸೂರತ್ ಜನರಿಗೆ ಮತಗಟ್ಟೆಯೇ ಇಲ್ಲವಾಯಿತು. ಯಾರು ಗೆದ್ದರು, ಯಾರು ಸೋತರು ಎಂಬುದು ಈ ಪತ್ರಿಕೆಯ ಚರ್ಚೆಯಲ್ಲ. ಮತದಾರನಿಗೆ ಆದದ್ದು ಸರಿಯೇ ಎಂಬುದಷ್ಟೇ ನಮ್ಮ ಪ್ರಶ್ನೆ.

ಸಹಿಯ ನಿಯಮವೇ ಬೇಡವೆಂದು ನಾವು ಹೇಳುವುದಿಲ್ಲ. 1996ರ ಚುನಾವಣೆಯಲ್ಲಿ ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 456 ಮಂದಿ, ಆಂಧ್ರದ ನಲ್ಗೊಂಡದಲ್ಲಿ 480 ಮಂದಿ ಅಭ್ಯರ್ಥಿಗಳಿದ್ದರು. ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಂತೂ 1033 ಮಂದಿ ನಿಂತು, ಮತಪತ್ರವನ್ನು ಪುಸ್ತಕದಂತೆ ಅಚ್ಚು ಹಾಕಿಸಬೇಕಾಯಿತು. ಇವರಲ್ಲಿ ಹಲವರು ತಮ್ಮ ಅಹವಾಲು ಸರ್ಕಾರದ ಕಿವಿಗೆ ಬೀಳಲೆಂದು ನಿಂತವರು. ಅವರ ನೋವು ನಿಜ, ಆದರೆ ಅಂಥ ಮತಪತ್ರದಲ್ಲಿ ಸಾಮಾನ್ಯ ಮತದಾರ ಯಾರನ್ನು ಹುಡುಕಬೇಕು? ಅದೇ ವರ್ಷ ಜನತಾ ಪ್ರಾತಿನಿಧ್ಯ ಕಾಯಿದೆಗೆ ತಿದ್ದುಪಡಿ ಬಂತು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಇತರರಿಗೆ ಕ್ಷೇತ್ರದ ಹತ್ತು ಮತದಾರರು ಸೂಚಕರಾಗಬೇಕು ಎಂದಾಯಿತು. ಲೋಕಸಭೆಯ ಠೇವಣಿ 500 ರೂಪಾಯಿಯಿಂದ 10,000ಕ್ಕೆ ಏರಿತು. 1996ರಲ್ಲಿ 13,952 ಇದ್ದ ಲೋಕಸಭಾ ಅಭ್ಯರ್ಥಿಗಳ ಸಂಖ್ಯೆ 1998ರಲ್ಲಿ 4,750ಕ್ಕೆ ಇಳಿಯಿತು. ಲಕ್ಷಗಟ್ಟಲೆ ಮತದಾರರಿರುವ ಕ್ಷೇತ್ರದಲ್ಲಿ ಹತ್ತು ಸಹಿ ಭಾರವೆಂದು ಯಾರೂ ಹೇಳಲಾರರು.

ರಾಷ್ಟ್ರಪತಿ ಚುನಾವಣೆಯಲ್ಲೂ ಇದೇ ದಾರಿ ಹಿಡಿಯಲಾಯಿತು. 1974ರಲ್ಲಿ ಹತ್ತು ಸೂಚಕರು, ಹತ್ತು ಅನುಮೋದಕರು ಬೇಕೆಂದಾಯಿತು. 1997ರಲ್ಲಿ ಇದು ಐವತ್ತು ಐವತ್ತಕ್ಕೆ ಏರಿತು. 1977ರಲ್ಲಿ, ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾಗಿದ್ದಾಗ, 37 ನಾಮಪತ್ರಗಳು ಬಂದು 36 ತಿರಸ್ಕೃತವಾದವು. ನೀಲಂ ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಅದನ್ನು ಪ್ರಶ್ನಿಸಿದ ಚರಣಲಾಲ್ ಸಾಹು ಎಂಬ ವಕೀಲರ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಬೇಕಾದಷ್ಟು ಸಹಿಗಳಿಲ್ಲದವರನ್ನು ಕಾನೂನಿನ ಅರ್ಥದಲ್ಲಿ ಅಭ್ಯರ್ಥಿಯೆಂದೇ ಎಣಿಸಲಾಗದು ಎಂದಾಯಿತು.

ಸಹಿ ಇದ್ದರೆ ಸಾಲದು, ಅದು ಕ್ರಮಬದ್ಧವಾಗಿಯೂ ಇರಬೇಕು. ಗುರುತರವಲ್ಲದ ದೋಷಕ್ಕಾಗಿ ನಾಮಪತ್ರ ತಿರಸ್ಕರಿಸಬಾರದೆಂದು ಕಾಯಿದೆಯ 36ನೇ ಕಲಮು ಹೇಳುತ್ತದೆ. ಆದರೆ ಪಂಜಾಬಿನ ರತನ್ ಅನ್ಮೋಲ್ ಸಿಂಗ್ ಪ್ರಕರಣದಲ್ಲಿ, ಓದುಬರಹ ಬಾರದ ಸೂಚಕ ಅನುಮೋದಕರ ಹೆಬ್ಬೆಟ್ಟಿನ ಗುರುತನ್ನು ಅಧಿಕಾರಿ ದೃಢೀಕರಿಸಿಲ್ಲದಿರುವುದು ಗುರುತರ ದೋಷವೇ ಎಂದು 1954ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು.

ಇಷ್ಟು ಕಟ್ಟುನಿಟ್ಟು ಇರುವಲ್ಲಿ, ತಿರಸ್ಕಾರ ತಪ್ಪಾಗಿದ್ದರೆ ಅದಕ್ಕೆ ಪರಿಹಾರವೂ ತ್ವರಿತವಾಗಿರಬೇಕು. ನಮ್ಮ ವ್ಯವಸ್ಥೆಯ ಕೊರತೆ ಇರುವುದು ಇಲ್ಲಿಯೇ. ನಾಮಕ್ಕಲ್‌ನ ಪೊನ್ನುಸ್ವಾಮಿ ಪ್ರಕರಣದಲ್ಲಿ 1952ರಲ್ಲೇ ಸುಪ್ರೀಂ ಕೋರ್ಟು, ಚುನಾವಣೆ ನಡೆಯುತ್ತಿರುವಾಗ ನಾಮಪತ್ರ ತಿರಸ್ಕಾರದ ವಿರುದ್ಧ ರಿಟ್ ಅರ್ಜಿ ಸಲ್ಲದು ಎಂದಿತು. ಎಲ್ಲ ಮುಗಿದ ಮೇಲೆ 45 ದಿನಗಳೊಳಗೆ ಚುನಾವಣಾ ತಕರಾರು ಅರ್ಜಿ ಹಾಕಬಹುದು. ಅನುಚಿತ ತಿರಸ್ಕಾರ ಸಾಬೀತಾದರೆ ಇಡೀ ಚುನಾವಣೆಯೇ ರದ್ದಾಗುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ! ಮಳೆಗೆ ಮುಂಚೆ ಹೊಡೆಯಬೇಕಾದ ಬೋರ್ಡೋ ದ್ರಾವಣವನ್ನು ಕೊಳೆಯ ಕಾಯಿ ಉದುರಿದ ಮೇಲೆ ಹೊಡೆದು ಪ್ರಯೋಜನವೇನೆಂಬುದು ಅಡಿಕೆ ಬೆಳೆಗಾರನಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಮೆರಿಕದಲ್ಲಿ ಸಹಿಗಳ ಹೊರೆ ನಮಗಿಂತ ಬಹಳ ಹೆಚ್ಚು. 1968ರಲ್ಲಿ ಓಹಾಯೊ ರಾಜ್ಯದಲ್ಲಿ ಹೊಸ ಪಕ್ಷವೊಂದು, ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇಕಡ 15ರಷ್ಟು, ಅಂದರೆ 4,33,100 ಸಹಿ ತರಬೇಕಿತ್ತು. ಜಾರ್ಜ್ ವ್ಯಾಲೇಸರ ಪಕ್ಷ ಅದಕ್ಕಿಂತ ಹೆಚ್ಚು ಸಹಿಗಳನ್ನೇ ತಂದರೂ, ಗಡುವು ಮೀರಿತೆಂದು ಮತಪತ್ರದಲ್ಲಿ ಸ್ಥಾನ ಸಿಗಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು ಆ ನಿಯಮಗಳನ್ನು ತಳ್ಳಿಹಾಕಿದ್ದು ಅಕ್ಟೋಬರಿನಲ್ಲಿ, ನವೆಂಬರಿನ ಮತದಾನಕ್ಕೆ ಮೊದಲು. ಅಲ್ಲಿನ ಸಹಿಯ ಹೊರೆ ನಮಗೆ ಬೇಡ. ಆದರೆ ಮತದಾನಕ್ಕೆ ಮುಂಚೆ ನ್ಯಾಯ ಸಿಗುವ ದಾರಿ ಬೇಕು.

ನಮ್ಮ ಅಭಿಪ್ರಾಯದಲ್ಲಿ ಎರಡು ಸುಧಾರಣೆಗಳು ಅಗತ್ಯ. ಮೊದಲನೆಯದು, ಸೂಚಕರು ನಾಮಪತ್ರ ಸಲ್ಲಿಸುವಾಗಲೇ ಚುನಾವಣಾಧಿಕಾರಿಯ ಅಥವಾ ಅವರು ನೇಮಿಸಿದ ಅಧಿಕಾರಿಯ ಎದುರು ಸಹಿ ಮಾಡಲಿ. ಆಗ ನಕಲಿ ಸಹಿಗೂ ಎಡೆಯಿಲ್ಲ, ಹಾಕಿದ ಸಹಿಯನ್ನು ಮರುದಿನ ಅಲ್ಲಗಳೆಯುವುದಕ್ಕೂ ಎಡೆಯಿಲ್ಲ. ಎರಡನೆಯದು, ತಿರಸ್ಕಾರದ ವಿರುದ್ಧ ಉಚ್ಚ ನ್ಯಾಯಾಲಯದ ಒಬ್ಬ ನ್ಯಾಯಾಧೀಶರ ಮುಂದೆ ಮೂರು ದಿನಗಳೊಳಗೆ ಇತ್ಯರ್ಥವಾಗುವ ಮೇಲ್ಮನವಿಗೆ ಅವಕಾಶವಿರಲಿ. ಹೀಗೆ ಮಾಡಿದರೆ ವ್ಯಾಜ್ಯಗಳಿಂದ ಚುನಾವಣೆಯೇ ನಿಂತುಹೋದೀತೆಂದು ಕೆಲವರು ಆಕ್ಷೇಪಿಸಬಹುದು. ಆ ಭಯ ನಿರಾಧಾರವಲ್ಲ. 1952ರ ತೀರ್ಪಿನ ಹಿಂದೆಯೂ ಚುನಾವಣೆ ತಡವಾಗಬಾರದೆಂಬ ಕಾಳಜಿಯೇ ಇತ್ತು. ಆದರೆ ಮೂರು ದಿನದ ಗಡುವನ್ನು ಚುನಾವಣಾ ವೇಳಾಪಟ್ಟಿಯಲ್ಲೇ ಸೇರಿಸಿದರೆ ತಡವೆಲ್ಲಿಯದು?

ಕಾನೂನು ಬದಲಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ನಮ್ಮ ಸಂಘದ ಆಡಳಿತ ಮಂಡಳಿಯ ಚುನಾವಣೆಯಲ್ಲೂ ಸೂಚಕ, ಅನುಮೋದಕರ ಸಹಿ ಇದೆ. ಕೊಯ್ಲಿನ ಗಡಿಬಿಡಿಯಲ್ಲಿ ಯಾರೋ ಕಾಗದ ಹಿಡಿದು ಬಂದಾಗ, ಸಹಿ ತಾನೇ, ಹಾಕಿದರಾಯಿತು ಎಂಬ ಉದಾಸೀನ ನಮ್ಮಲ್ಲಿ ಸಾಮಾನ್ಯ. ಸಾಲದ ಜಾಮೀನಿಗೆ ಹಾಕಿದ ಸಹಿ ಮುಂದೆ ತೋಟದ ಬಾಗಿಲಿಗೆ ಬರುತ್ತದೆಂಬುದನ್ನು ಬಲ್ಲ ನಾವು, ನಾಮಪತ್ರದ ಸಹಿಯನ್ನೂ ಅಷ್ಟೇ ಗೌರವದಿಂದ ಕಾಣಬೇಕು. ಓದಿ ಸಹಿ ಮಾಡಿ. ಮಾಡಿದ ಮೇಲೆ ಅದಕ್ಕೆ ಬದ್ಧರಾಗಿರಿ. ಮನೆಯವರ ಪರವಾಗಿ ನೀವೇ ಗೀಚಬೇಡಿ. ಹೆಬ್ಬೆಟ್ಟು ಒತ್ತುವ ಹಿರಿಯರಿದ್ದರೆ ಅಧಿಕಾರಿಯ ಎದುರೇ ಒತ್ತಿಸಿ. ಅಭ್ಯರ್ಥಿಯಾಗುವವರು ಕೊನೆಯ ದಿನದವರೆಗೆ ಕಾಯದೆ ಮುಂಚಿತವಾಗಿ ನಾಮಪತ್ರ ಸಲ್ಲಿಸಿದರೆ, ದೋಷವಿದ್ದರೂ ಇನ್ನೊಂದು ಸಲ್ಲಿಸಲು ಕಾಲವಿರುತ್ತದೆ.

ಸದಸ್ಯರು ಈ ಬಗ್ಗೆ ತಮ್ಮ ಅಭಿಪ್ರಾಯಗಳನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.