ಮೂರು ತಿಂಗಳಿಗೊಮ್ಮೆ ಕೊನೆ ಕೊಯ್ಯುವವರುಂಟೆ?

ಸದಸ್ಯ ಬಾಂಧವರ ಪೈಕಿ ಸಾಲವಿಲ್ಲದವರು ವಿರಳ. ಸಾಲದ ಖಾತೆ ಉತಾರ ತರಿಸಿ ಓದಿದವರು ಇನ್ನೂ ವಿರಳ. ನಾನೂ ಓದಿರಲಿಲ್ಲ. ಕೆಲ ವರ್ಷಗಳ ಹಿಂದೆ ತೋಟಕ್ಕೆಂದು ತೆಗೆದ ಸಾಲದ ಬಾಕಿಯು ನನ್ನ ಅಂದಾಜನ್ನು ಮೀರಿ ಬೆಳೆದದ್ದನ್ನು ಕಂಡು ಉತಾರ ಕೇಳಿದೆ. ಮೂರು ಸಲ ಅಲೆದ ಮೇಲೆ ಸಿಕ್ಕಿತು. ಜೂನ್, ಸಪ್ಟೆಂಬರ್, ಡಿಸೆಂಬರ್, ಮಾರ್ಚ್ ಹೀಗೆ ವರ್ಷಕ್ಕೆ ನಾಲ್ಕು ಬಾರಿ ಬಡ್ಡಿಯನ್ನು ಅಸಲಿಗೆ ಸೇರಿಸಿ, ಆ ಮೊತ್ತಕ್ಕೆ ಮತ್ತೆ ಬಡ್ಡಿ ಹಾಕಿದ್ದರು. ವಿಚಾರಿಸಿದರೆ, ಯಂತ್ರವೇ ಹಾಗೆ ಹಾಕುತ್ತದೆ ಎಂಬ ಉತ್ತರ ಬಂತು. ಆ ಬ್ಯಾಂಕಿನ ಹೆಸರು ಇಲ್ಲಿ ಬೇಡ. ಮುಂದೆ ಹೇಳಲಿರುವ ಬ್ಯಾಂಕಂತೂ ಅದಲ್ಲ.

ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಕೊನೆಗೌಡ ಕೊಯ್ಲಿಗೆ ಮರ ಹತ್ತುವುದು ವರ್ಷಕ್ಕೊಂದೇ ಸುಗ್ಗಿಯಲ್ಲಿ. ಮಳೆಗಾಲದಲ್ಲಿ ಕೊಳೆ ಮದ್ದು ಹೊಡೆಯಲೂ ಹತ್ತುತ್ತಾನೆ ನಿಜ, ಆದರೆ ಅದು ದುಡ್ಡು ಹೋಗುವ ಹತ್ತುವಿಕೆ, ಬರುವುದಲ್ಲ. ಕಾಫಿ, ಕಾಳುಮೆಣಸೂ ವರ್ಷಕ್ಕೊಂದೇ ಬೆಳೆ. ಸಪ್ಟೆಂಬರಿನಲ್ಲಿ ಬಡ್ಡಿ ಕಟ್ಟು ಎಂದರೆ ರೈತ ಎಲ್ಲಿಂದ ತರಬೇಕು?

ಇದೇ ಪ್ರಶ್ನೆ ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತೆಂಬುದು ಅನೇಕರಿಗೆ ತಿಳಿದಿರಲಿಕ್ಕಿಲ್ಲ. ಉಡುಪಿಯಲ್ಲಿ 1906ರಲ್ಲಿ ಹುಟ್ಟಿ, 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದ ಕಾರ್ಪೊರೇಷನ್ ಬ್ಯಾಂಕಿಗೂ ಡಿ. ಎಸ್. ಗೌಡ ಎಂಬುವರಿಗೂ ನಡೆದ ವ್ಯಾಜ್ಯ ಅದು. ಬ್ಯಾಂಕು ಹಾಕಿದ ಬಡ್ಡಿ ಅತಿಯಾಯಿತೇ ಎಂದು ನ್ಯಾಯಾಲಯ ನೋಡಬಹುದೇ ಎಂಬುದು ಅಲ್ಲಿದ್ದ ಪ್ರಶ್ನೆ. ನಮ್ಮ ಹೈಕೋರ್ಟಿನ ತೀರ್ಪು 1983ರ ಕಾನೂನು ವರದಿಗಳಲ್ಲಿ ಅಚ್ಚಾಯಿತು. ಮರುವರ್ಷ, 1984ರ ಫೆಬ್ರವರಿ 15ರಿಂದ, ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ 21ಎ ಎಂಬ ಕಲಮು ಸೇರಿತು. ಬಡ್ಡಿ ಅತಿಯೆಂಬ ಕಾರಣಕ್ಕೆ ಬ್ಯಾಂಕು ಮತ್ತು ಸಾಲಗಾರನ ನಡುವಿನ ವ್ಯವಹಾರವನ್ನು ಯಾವ ನ್ಯಾಯಾಲಯವೂ ಮರುಪರಿಶೀಲಿಸಕೂಡದು ಎನ್ನುತ್ತದೆ ಅದು. ಸಾಲಗಾರನಿಗೆ ಬಾಗಿಲು ಮುಚ್ಚಿತೆಂದೇ ಎಲ್ಲರೂ ಎಣಿಸಿದರು.

1994ರಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲಲ್ಲಿ ಒಂದು ಕಿಂಡಿ ತೆರೆಯಿತು. ರಿಜರ್ವ್ ಬ್ಯಾಂಕಿನ ಸುತ್ತೋಲೆಗಳಿಗೆ ಬ್ಯಾಂಕುಗಳು ಬದ್ಧ. ಸುತ್ತೋಲೆ ಮೀರಿ ಬಡ್ಡಿ ಹಾಕಿದ್ದರೆ ಆ ಹೆಚ್ಚುವರಿಯನ್ನು ತೆಗೆದುಹಾಕಲು 21ಎ ಅಡ್ಡಬಾರದು ಎಂದಿತು. 2001ರ ಅಕ್ಟೋಬರ್ 18ರಂದು ಸೆಂಟ್ರಲ್ ಬ್ಯಾಂಕ್ ಮತ್ತು ರವೀಂದ್ರ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇನ್ನೂ ಸ್ಪಷ್ಟ ಮಾಡಿತು: ಕೃಷಿ ಸಾಲವನ್ನು ಬೇರೆ ಸಾಲಗಳ ಸಾಲಿನಲ್ಲಿಡಬಾರದು, ಆಯಾ ಪ್ರದೇಶದ ಬೆಳೆಯ ಆವರ್ತನ ನೋಡಿ ವರ್ಷಕ್ಕೊಮ್ಮೆ ಅಥವಾ ಆರು ತಿಂಗಳಿಗೊಮ್ಮೆ ಮಾತ್ರ ಬಡ್ಡಿಯನ್ನು ಅಸಲಿಗೆ ಸೇರಿಸಬಹುದು, ದಂಡಬಡ್ಡಿಯನ್ನು ಅಸಲಿಗೆ ಸೇರಿಸುವಂತಿಲ್ಲ. ಅಡಿಕೆ ಸೀಮೆಯ ಆವರ್ತನ ಯಾವುದೆಂದು ಹೇಳಲು ವಕೀಲರೇ ಬೇಕಿಲ್ಲ.

ರಿಜರ್ವ್ ಬ್ಯಾಂಕಿನ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದಿದೆ. ಬೆಳೆ ಸಾಲಕ್ಕೂ, ವಾಯಿದೆ ಬಾರದ ಕಂತಿಗೂ ಚಕ್ರಬಡ್ಡಿಯೇ ಇಲ್ಲ. ಸಣ್ಣ ಮತ್ತು ಅತಿಸಣ್ಣ ರೈತರ ಅಲ್ಪಾವಧಿ ಸಾಲದಲ್ಲಿ ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರಬಾರದು. ಎರಡು ಹೆಕ್ಟೇರು, ಅಂದರೆ ಐದು ಎಕರೆವರೆಗಿನವನು ಸಣ್ಣ ರೈತ. ನಮ್ಮಲ್ಲಿ ಬಹುಪಾಲು ಜನ ಇದರೊಳಗೇ ಬರುತ್ತೇವೆ.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಲಕ್ಷ ರೂಪಾಯಿ, ಶೇಕಡಾ 12ರ ಬಡ್ಡಿ ಎನ್ನೋಣ. ಅಡಿಕೆ ಸಸಿ ಫಲ ಕೊಡಲು ಐದಾರು ವರ್ಷ ಬೇಕಷ್ಟೆ. ಐದು ವರ್ಷಕ್ಕೆ ಸರಳ ಬಡ್ಡಿಯಲ್ಲಿ 1,60,000 ಆಗುತ್ತದೆ. ವರ್ಷಕ್ಕೊಮ್ಮೆ ಕೂಡಿಸಿದರೆ 1,76,234. ಮೂರು ತಿಂಗಳಿಗೊಮ್ಮೆ ಕೂಡಿಸಿದರೆ 1,80,611. ಸರಳ ಬಡ್ಡಿಗೂ ಕೊನೆಯದಕ್ಕೂ ಇಪ್ಪತ್ತು ಸಾವಿರಕ್ಕೆ ಮಿಕ್ಕ ಅಂತರ. ಚಿಕ್ಕ ಹಿಡುವಳಿಗೆ ಇದು ಸಣ್ಣ ಮೊತ್ತವಲ್ಲ.

ಒಂದು ಮಾತು ಕಹಿಯಾದರೂ ಹೇಳಬೇಕು. ವಾಯಿದೆ ಮೀರಿದ ಮೇಲೆ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಲು ಬ್ಯಾಂಕಿಗೆ ಅವಕಾಶವಿದೆ. ಚಾಲಿ ಮಾರಿ ಹಣ ಕೈಗೆ ಬಂದ ಮೇಲೂ ಕಂತು ಕಟ್ಟದೆ, ಸಾಲಮನ್ನಾ ಬರುತ್ತದೆಂದು ಕಾಯುವವರಿಗೆ ಈ ತೀರ್ಪುಗಳ ಆಸರೆ ಹೆಚ್ಚೇನೂ ಇಲ್ಲ.

ಇನ್ನು ನಮ್ಮ ಮನೆಯ ವಿಚಾರ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳಿಗೆ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆ ಅನ್ವಯವಾಗುವುದಿಲ್ಲ. ಆದ್ದರಿಂದ ರಿಜರ್ವ್ ಬ್ಯಾಂಕಿನ ಸುತ್ತೋಲೆ ತೋರಿಸಿ ಊರಿನ ಸೊಸೈಟಿಯನ್ನು ಹಿಡಿಯಲಾಗದು. ಆದರೆ ಪರರ ಬ್ಯಾಂಕಿಗೆ ಕಟ್ಟುಹಾಕಿದ ನಿಯಮವನ್ನು ರೈತರೇ ಕಟ್ಟಿದ ಸಂಸ್ಥೆ ತಾನಾಗಿ ಪಾಲಿಸಲು ಯಾರ ಅಪ್ಪಣೆ ಬೇಕು? ನಮ್ಮ ಸಂಘವೂ ಸದಸ್ಯರಿಗೆ ಕೊಟ್ಟ ಮುಂಗಡಕ್ಕೆ ಬಡ್ಡಿ ಹಾಕುವ ಕ್ರಮವನ್ನು ಬರಹದಲ್ಲಿ ತಿಳಿಸಲಿ. ಕೊಯ್ಲು, ಮಾರಾಟ ಮುಗಿಯುವ ಕಾಲಕ್ಕೆ ವರ್ಷಕ್ಕೊಮ್ಮೆ ಮಾತ್ರ ಅಸಲಿಗೆ ಸೇರಿಸಲಿ ಎಂದು ನನ್ನ ಅಭಿಪ್ರಾಯ. ಸಂಘಕ್ಕೆ ಆದಾಯ ತುಸು ಇಳಿದೀತು, ಅದನ್ನು ಒಪ್ಪುತ್ತೇನೆ.

ನನ್ನ ಖಾತೆಯ ಬಗ್ಗೆ ಬ್ಯಾಂಕಿಗೆ ಲಿಖಿತ ಅರ್ಜಿ ಕೊಟ್ಟೆ. ಎರಡು ತೀರ್ಪುಗಳ ಹೆಸರು, ವರ್ಷವನ್ನೂ ಬರೆದೆ. ತಿಂಗಳೊಳಗೆ ಲೆಕ್ಕ ತಿದ್ದಿದರು, ಕಾರಣ ಮಾತ್ರ ಬರೆದು ಕೊಡಲಿಲ್ಲ. ಬರುವ ಮಹಾಸಭೆಗೆ ಮೇಲಿನ ಸೂಚನೆಯನ್ನು ಕಳಿಸಿದ್ದೇನೆ. ಅನುಮೋದಿಸುವವರು ಬೇಕಾಗಿದ್ದಾರೆ.